ಮೊಟ್ಟೆಗೆ ಬಿಸಿನೀರು ಕೂಡದು

ಮೊದಲ ಮಾತು, ಕೌರಿ: ಮೊಟ್ಟೆಗೆ ಬಿಸಿನೀರು ಕೂಡದು.
ಬಿಸಿ ತಾಗಿತೋ, ಕಲ್ಲಿನ ಮೇಲೇ ಬೇಯುತ್ತದೆ,
ಬೆಂದ ಮೇಲೆ ಉಳಿಗೂ ಜಗ್ಗುವುದಿಲ್ಲ.
ಉಗುರುಬೆಚ್ಚಗಿರಲಿ. ಕುದುರೆಗೂದಲ ಬ್ರಷ್ಷು.
ಮೇಲಿನಿಂದ ಕೆಳಕ್ಕೆ, ಕೂಸಿನ ಬೆನ್ನು ಉಜ್ಜುವ ಹಾಗೆ.

ಮೊಸರು ಸುಲಭ. ನಮ್ಮ ಗಟ್ಟಿ ಸ್ಕೀರ್
ಥಂಡಿ ರಾತ್ರಿಯಲ್ಲಿ ತಾನಾಗಿ ಹಕ್ಕಳೆ ಏಳುತ್ತದೆ.
ಟೊಮೆಟೊ ಬಿದ್ದದ್ದು ಕಡಿಮೆ.
ಹಸಿರುಮನೆಯ ಟೊಮೆಟೊಗೆ ಆ ವರ್ಷ ಬೆಲೆ ಎಷ್ಟಿತ್ತು!
ಸಿಟ್ಟಿಗೂ ಒಂದು ಲೆಕ್ಕಾಚಾರ ಇರುತ್ತದೆ.

ಇದು ನೆಲಮಾಳಿಗೆಯ ಕೀಲಿ.
ಭೂಮಿಯ ಹೊಟ್ಟೆಯಿಂದ ಬರುವ ಬಿಸಿನೀರ ಕೊಳವೆಗಳು ಅಲ್ಲಿ,
ವಾಸನೆಗೆ ಹೆದರಬೇಡ,
ರೇಕ್ಯಾವಿಕ್‌ನ ಬಿಸಿನೀರಿಗೇ ಕೊಳೆತ ಮೊಟ್ಟೆಯ ವಾಸನೆ.
ಇದು ಸಭಾಧ್ಯಕ್ಷರ ಗಂಟೆಯ ಕಪಾಟಿನದು.
ವರ್ಷಕ್ಕೊಮ್ಮೆ ಗಂಟೆಯ ನಾಲಗೆಯ ತಿರುಪು ಬಿಗಿಮಾಡು.
ಈ ಮನೆಯ ಸಡಿಲ ನಾಲಗೆಗಳಲ್ಲಿ
ನಮ್ಮ ಸುಪರ್ದಿಗೆ ಬರುವುದು ಅದೊಂದೇ.
ಇದು ಹಿಂದಿನ ತೋಟದ್ದು.
ಆ ತೋಟ ಮಾಡಿದವನು ಅಲ್ಲೇ ಮಲಗಿದ್ದಾನೆ,
ಕಳೆ ಕೀಳುವಾಗ ಸ್ವಲ್ಪ ಮೆಲ್ಲಗೆ.

ಆ ಚಳಿಗಾಲದ ಸಂಗತಿ ನೀನು ಕೇಳಿ ಬಲ್ಲೆ,
ಆಗಿನ್ನೂ ಶಾಲೆಯ ಹುಡುಗ.
ಬ್ಯಾಂಕುಗಳು ಒಂದರ ಹಿಂದೊಂದು ಮುಳುಗಿ
ಚೌಕದ ತುಂಬ ಜನ, ಜನರ ಕೈಯಲ್ಲಿ ಪಾತ್ರೆ,
ಪಾತ್ರೆಯ ಬೆನ್ನಿಗೆ ಸೌಟು.
ಹಗಲು ನಾಲ್ಕೈದು ತಾಸು, ಸದ್ದು ಹದಿನಾಲ್ಕು.
ಕಿಟಕಿಯ ಒಣಗಿದ ಮೆತ್ತು ಪುಡಿಪುಡಿಯಾಗಿ ಉದುರುತ್ತಿತ್ತು.
ಒಳಗಿದ್ದ ಅರವತ್ತಮೂರು ಜನ ಏನು ಮಾತಾಡಿದರೋ,
ನನಗೆ ಕೇಳಿಸಿದ್ದು ಗಾಜು.

ಎಲ್ಲ ಹೋದ ಮೇಲೆ ನನ್ನ ಪಾಳಿ.
ಏಣಿ, ಬಕೆಟ್ಟು, ಹಣೆಗೊಂದು ದೀಪ.
ಬೆಂಚಿನ ಬುಡದ ಹಿಮದಲ್ಲಿ ಒಂದು ಪಾತ್ರೆ ಕವುಚಿ ಬಿದ್ದಿತ್ತು.
ಎತ್ತಿದೆ. ತಳ ಸೊಟ್ಟ.
ಹಿಡಿಗೆ ಹಿತ್ತಾಳೆಯ ತಂತಿ, ಏಳು ಸುತ್ತು.
ಸುತ್ತಿದವಳು ನಾನೇ,
ನಮ್ಮ ಅಡುಗೆಮನೆಯ ಮೇಜಿನ ಮೇಲೆ,
ಸಲ್‌ವೋರ್ ಹುಟ್ಟಿದ ವರ್ಷ.

ಕಳೆದು ಸಿಕ್ಕ ವಸ್ತುಗಳ ಪುಸ್ತಕದಲ್ಲಿ ಬರೆದೆ:
ಪಾತ್ರೆ ಒಂದು. ಯಾರದೆಂದು ತಿಳಿಯದು.
ಮೂವತ್ತೊಂದು ವರ್ಷದ ನೌಕರಿಯಲ್ಲಿ
ನಾನು ಬರೆದ ಸುಳ್ಳು ಅದೊಂದೇ.
ಇಲ್ಲ, ಎರಡು. ತಾಳು, ಹೇಳುತ್ತೇನೆ.

ಬೆಳಿಗ್ಗೆ ಮನೆಗೆ ಹೋದರೆ
ಮಗಳು ಬಾಣಲೆಯಲ್ಲಿ ಗಂಜಿ ಕಾಯಿಸುತ್ತಿದ್ದಳು.
ಪಾತ್ರೆ ಎಲ್ಲಿ ಎಂದು ನಾನು ಕೇಳಲಿಲ್ಲ,
ಕೈ ಯಾಕೆ ಹೀಗೆ ಬಿರಿದಿದೆ ಎಂದು ಅವಳು ಕೇಳಲಿಲ್ಲ.
ಉಪ್ಪಿನ ಬಟ್ಟಲನ್ನು ಮಾತ್ರ
ನನ್ನ ಕಡೆ ಸರಿಸಿದಳು.

ಪಾತ್ರೆಯನ್ನು ಕೇಳಿಕೊಂಡು ಯಾರೂ ಬರಲಿಲ್ಲ.
ಅಟ್ಟದಲ್ಲಿದೆ. ಗಾಳಿಮಳೆ ಅಡ್ಡಡ್ಡ ಹೊಡೆದಾಗ
ಮಾಡು ಸೋರುವ ಕಡೆ ಇಡು.
ಇನ್ನೂ ಸದ್ದು ಮಾಡುತ್ತದೆ,
ಕೆಳಗೆ ಸಭೆ ನಡೆದಿದ್ದರೆ ಒಂದು ಅರಿವೆ ಹಾಕು.
ಹಾಕದಿದ್ದರೂ ನಡೆಯುತ್ತದೆ.

ಎರಡನೆಯ ಸುಳ್ಳು ಇಲ್ಲಿದೆ, ಬಾ.
ಈ ಬದಿಯ ಎರಡನೇ ಕಿಟಕಿ, ಕೆಳಗಟ್ಟೆಯ ಅಡಿ,
ಬಗ್ಗಿದವರಿಗೆ ಮಾತ್ರ ಕಾಣುತ್ತದೆ:
ಹಳದಿ, ಹೆಬ್ಬೆಟ್ಟಿನಗಲ.
ಮೂರನೆಯ ರಾತ್ರಿ ಯಾರೋ ಬಕೆಟ್ಟಿಗೆ ಕುದಿನೀರು ತಂದಿದ್ದರು,
ಬೆಂದುಹೋಯಿತು ಎಂದು ಎಲ್ಲರಿಗೂ ಹೇಳಿದೆ.
ಯಾರೂ ತಂದಿರಲಿಲ್ಲ.
ಅದು ಅವಳದೇ ಎಂದು ಹೇಗೆ ಹೇಳಲಿ,
ಸಾವಿರ ಕೈ ಇದ್ದವು ಆ ಕತ್ತಲಲ್ಲಿ.
ಅವಳ ಎಸೆತ ಚಿಕ್ಕಂದಿನಿಂದ ಎಡಕ್ಕೆ ವಾಲುತ್ತದೆ, ಅಷ್ಟೇ.

ಪ್ರತಿ ಮೇ ತಿಂಗಳ ತಪಾಸಣೆಯ ಪಟ್ಟಿಯಲ್ಲಿ
ಆ ಕಿಟಕಿಯ ಎದುರು ಬರೆಯುತ್ತ ಬಂದೆ:
ಕಲ್ಲಿನ ಸಹಜ ಬಣ್ಣ.
ಇನ್ನು ಪಟ್ಟಿ ನಿನ್ನದು, ಬ್ರಷ್ಷೂ ನಿನ್ನದು.
ನಾನು ಏನನ್ನೂ ಹೇಳುವುದಿಲ್ಲ.

ಅಯ್ಯೋ, ಮೋರಿಯ ಕೀಲಿ ಜೇಬಿನಲ್ಲೇ ಉಳಿದಿತ್ತು, ತಗೋ.
ತುಕ್ಕು ಹಿಡಿದಿದೆ. ಬಲಕ್ಕೆ ತಿರುಗುವುದಿಲ್ಲ.