ಕಚ್ಚಾ ಬಣ್ಣ

ಸಿರಿಂಜಿಗೆ ಏರಿದ್ದು ರಕ್ತವೆಂದು
ಕೈ ಒಪ್ಪಿತು, ಕಣ್ಣು ಒಪ್ಪಲಿಲ್ಲ.
ಹದ ಮೀರಿದ ಬೆಲ್ಲದ ಪಾಕದ ಬಣ್ಣ.
ಹನ್ನೊಂದು ವರ್ಷ ರಾತ್ರಿಪಾಳಿ;
ಗದುಗಿನ ಅರ್ಧ ಊರಿನ ನೆತ್ತರು
ನನ್ನ ಗಾಜಿನ ನಳಿಗೆಗಳಲ್ಲಿ ಒಂದು ಗಳಿಗೆ ನಿಂತು ಹೋಗಿದೆ.
ಇಂಥದ್ದನ್ನು ಕಂಡಿರಲಿಲ್ಲ.

ಬೆಟಗೇರಿಯಿಂದ ಬಂದವರು ಮೂವರು.
ರಾಚಪ್ಪ ನೀಲಗಾರ, ಎಪ್ಪತ್ತರ ಹತ್ತಿರ.
ಸೊಸೆ ಅಂದಾನೆವ್ವ.
ನೂಲು ಒಯ್ಯಲು ಬಂದು ಒತ್ತಾಯಕ್ಕೆ ಉಣ್ಣಲು ಕೂತ ನೇಕಾರ ಹುಡುಗ.
ತುಟಿ ನೇರಳೆಹಣ್ಣು ತಿಂದವರ ಹಾಗೆ, ಉಗುರು ಬೂದಿ.
ಬೆರಳಿಗೆ ಕಚ್ಚಿಸಿದ ಯಂತ್ರ
ಎಂಬತ್ತೈದಕ್ಕೆ ಬಂದು ಕೂತಿದೆ;
ಎಷ್ಟು ಆಮ್ಲಜನಕ ಹರಿಸಿದರೂ
ಹೊಂಡಕ್ಕಿಳಿದ ಎಮ್ಮೆ, ಏಳಲೊಲ್ಲದು.

ಕಿಲ್ಲೇದಾರ ಡಾಕ್ಟರು ಕೇಳಿದರು: ಏನು ತಿಂದಿರಿ?
"ಉಪ್ಪಿಟ್ಟರೀ," ಎಂದಳು ಅಂದಾನೆವ್ವ, ಏದುಸಿರಿನ ನಡುವೆ.
"ಉಪ್ಪು ತೀರಿತ್ತು. ಬಣ್ಣದ ಕೋಣ್ಯಾಗ ಡಬ್ಬಿ ಇತ್ತು. ಬೆಳ್ಳಗಿತ್ತರೀ."

ಮುದುಕ ಕಣ್ಣು ಮುಚ್ಚಿದ.
"ನೈಟ್ರೈಟ್," ಎಂದ, ಮನೆಮಗನ ಹೆಸರು ಹೇಳಿದಷ್ಟು ಸಲೀಸಾಗಿ.
"ಕೆಂಪು ಕೂಡಸೋ ಉಪ್ಪು. ಅಡಗೀ ಉಪ್ಪಿಗಿಂತ
ಒಂದು ಕೂದಲೆಳಿ ಹಳದಿ.
ಡಬ್ಬೀ ಮ್ಯಾಲ ಹೆಸರು ಬರದಿರಲಿಲ್ಲ.
ನನಗ ಗೊತ್ತಿತ್ತಲ್ಲ."

ಸೋಸುಕಾಗದದ ಮೇಲೆ ಅವನದೊಂದು ಹನಿ, ಪಕ್ಕಕ್ಕೆ ನನ್ನದೊಂದು.
ಪೆನ್ಸಿಲಿನಿಂದ ಹೆಸರು ಬರೆದು ಗಾಳಿಗೆ ಬೀಸಿದೆ.
ನನ್ನದು ಇನ್ನಷ್ಟು ಕೆಂಪೇರಿತು.
ಅವನದು ಗಾಳಿಯ ಮಾತು ಕೇಳಿಸದಂತೆ ಕಂದಾಗಿಯೇ ಕೂತಿತು.

ಒಂದೊಂದು ರಕ್ತಕಣದಲ್ಲೂ ಕಬ್ಬಿಣದ ಅಣುಗಳಿವೆ.
ಉಸಿರನ್ನು ಹಿಡಿಯುವುದು ಅರ್ಧ ಕೆಲಸ,
ಬೇಕಾದಲ್ಲಿ ಬಿಡುವುದು ಇನ್ನರ್ಧ.
ನೈಟ್ರೈಟು ಬಂದು ಒಂದು ಎಲೆಕ್ಟ್ರಾನ್ ಕಸಿದರೆ,
ಒಂದೇ ಒಂದು,
ಕಬ್ಬಿಣ ಹಿಡಿಯುವುದನ್ನು ಮರೆಯುತ್ತದೆ;
ಪಕ್ಕದ ಕಬ್ಬಿಣ ಬಿಡುವುದನ್ನು.

ಹೊರಗಿನವರನ್ನೇ ದೂರಲಾರೆ.
ನಾಳದ ಗೋಡೆ ತಾನಾಗಿ ಹಗಲೂ ರಾತ್ರಿ
ನೈಟ್ರಿಕ್ ಆಕ್ಸೈಡ್ ಉಸುರುತ್ತದೆ, ನಾಳ ಸಡಿಲಾಗಲೆಂದು.
ಅದು ಆಮ್ಲಜನಕ ಹೊತ್ತ ಕಬ್ಬಿಣಕ್ಕೆ ಡಿಕ್ಕಿ ಹೊಡೆದು
ನೈಟ್ರೇಟಾಗಿ ತೊಳೆದುಹೋಗುತ್ತದೆ,
ಹಿಂದೆ ಉಳಿಯುವುದು ಕಂದಿದ ಕಬ್ಬಿಣ.
ಅದನ್ನು ತಿಕ್ಕಿ ಬೆಳಗಿ ಮತ್ತೆ ಕೆಲಸಕ್ಕೆ ಹಚ್ಚುವ ಕಿಣ್ವವೊಂದಿದೆ,
ಹಿತ್ತಲಲ್ಲಿ ಪಾತ್ರೆ ತೊಳೆಯುವವಳು.
ಮದುವೆಮನೆಯ ಹಂಡೆಗಳೆಲ್ಲ ಒಮ್ಮೆಲೇ ಬಂದು ಬಿದ್ದ ರಾತ್ರಿ
ಅವಳೊಬ್ಬಳು ಏನು ಮಾಡಿಯಾಳು?

ಮೆಥಿಲೀನ್ ಬ್ಲೂ ಸಿಕ್ಕಿತು, ಕಪಾಟಿನ ಕೆಳಗಿನ ಅರೆಯಲ್ಲಿ.
"ಮದಲ ಆಕಿಗೆ," ಎಂದ ರಾಚಪ್ಪ.
ನೀಲಿ ಇಳಿಯುವುದನ್ನು
ಗಿರಾಕಿಯ ಸೀರೆ ನೋಡುವಂತೆ ನೋಡಿದ.
"ಇದು ಬಣ್ಣ ಅಲ್ಲೇನ್ರೀ? ನೀಲಿ ಬಿದ್ದವರಿಗೆ ನೀಲೀನ ಹಾಕತೀರಿ?"

ಹೇಳಿದೆ: ಇದು ಹಮಾಲಿ, ಅಜ್ಜ.
ಎಲೆಕ್ಟ್ರಾನ್ ಹೊತ್ತಾಗ ಬಣ್ಣ ಕಳಕೊಳ್ಳುತ್ತದೆ,
ಕಬ್ಬಿಣಕ್ಕೆ ಕೊಟ್ಟಮೇಲೆ ಮತ್ತೆ ನೀಲಿ.
"ಹಂಗ ಅನ್ರಿ. ನಮ್ಮಪ್ಪನ ನೀಲಿ ಹರವಿನೂ ಹಂಗ,
ಒಳಗಿದ್ದಾಗ ಹಳದಿ, ಎತ್ತಿ ಗಾಳಿಗೆ ಹಿಡದ್ರ ನೀಲಿ."
ಆಮೇಲೆ, ಸೂಜಿ ತನ್ನ ತೋಳಿಗೆ ಬಂದಾಗ,
"ಪಕ್ಕಾನೋ, ಕಚ್ಚಾನೋ?"
ಎರಡು ದಿನದಾಗ ಉಚ್ಚ್ಯಾಗ ಹೋಗತೈತಿ, ಎಂದೆ.
"ಕಚ್ಚಾ," ಎಂದ, ತುಸು ತಾತ್ಸಾರದಿಂದಲೇ.
ತುಟಿಗೆ ಕೆಂಪು ಹತ್ತುತ್ತಿತ್ತು.

ಹೊರಗೆ ಬೆಂಚಿನ ಮೇಲೆ ಮೊಮ್ಮಗ ಕೊಟ್ರೇಶ.
ಉಪ್ಪಿಟ್ಟು ವಲ್ಲೆ ಎಂದು ಹಟ ಹಿಡಿದು
ಅವ್ವನ ಕೈಯಲ್ಲಿ ಏಟು ತಿಂದವನು.
ಆ ಮನೆಯಲ್ಲಿ ಆ ರಾತ್ರಿ
ಕೆಂಪಾಗಿದ್ದುದು ಅವನ ಕೆನ್ನೆ ಒಂದೇ.

ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ
ಮೇಜು ಒರೆಸಲು ಹೋಗಿ ಕಾಗದ ಎತ್ತಿದೆ.
ಎರಡು ಹನಿ. ಎರಡೂ ಕಂದು.
ದೇಹ ಬಿಟ್ಟ ರಕ್ತವನ್ನು ಬೆಳಗುವವರಿಲ್ಲ;
ಬರಿಯ ಗಾಳಿಯೇ ಸಾಕು,
ನನ್ನ ಕಬ್ಬಿಣವೂ ರಾತ್ರಿಯೆಲ್ಲ ಅದೇ ದಾರಿ ಹಿಡಿದಿತ್ತು.
ಯಾವುದು ಅವನದು, ಯಾವುದು ನನ್ನದು?
ಪುಣ್ಯಕ್ಕೆ ಹೆಸರು ಬರೆದಿದ್ದೆ.