ಎಡ ಥ್ರೆಡ್ಡು

ಬೈತಖೋಲದ ಬಂದರಿಗೆ ಇಳಿಯುವ ರಸ್ತೆಯಲ್ಲಿ
ನಾನು ಲೇತು ಹಾಕಿದ ಮೊದಲ ಮಳೆಗಾಲ.
ಉಲ್ಹಾಸ ತಾಂಡೇಲ ಕೊಡೆ ಮಡಚದೆ ಬಾಗಿಲಲ್ಲೇ ನಿಂತು,
"ಕಂಬದ ತಂತಿಹಗ್ಗ ಜೋತುಬಿದ್ದಿದೆ,
ಟರ್ನ್‌ಬಕಲ್ ಒಂದು ಮಾಡಿಕೊಡು,
ಆಗಸ್ಟ್ ಒಂದಕ್ಕೆ ಬೋಟು ಹೊರಡಬೇಕು" ಅಂದ.

ಎಡಕ್ಕೆ ತಿರುಗುವ ಟ್ಯಾಪು ನನ್ನಲ್ಲಿರಲಿಲ್ಲ.
ಥ್ರೆಡ್ಡು ಅಂದರೆ ಥ್ರೆಡ್ಡು ಎಂದುಕೊಂಡು
ಎರಡೂ ತುದಿಗೆ ಬಲದ್ದನ್ನೇ ಕೊರೆದೆ.
ರೆಡ್ ಆಕ್ಸೈಡು ಬಳಿದ ಮೇಲೆ
ಚಂದವೇ ಕಂಡಿತು.

ನಡುವೆ ಸರಳು ತೂರಿಸಿ ಉಲ್ಹಾಸ ತಿರುಗಿಸಿದ.
ಹತ್ತು ಸುತ್ತು. ಇಪ್ಪತ್ತು.
ಮೇಲಿನ ಬೋಲ್ಟು ಎಷ್ಟು ಒಳಗೆ ಹೋಯಿತೋ
ಕೆಳಗಿನದು ಅಷ್ಟೇ ಹೊರಗೆ ಬಂತು.
ಹಗ್ಗ ಇದ್ದಲ್ಲೇ ಇತ್ತು, ಬಟ್ಟೆ ಒಣಹಾಕುವ ಹಗ್ಗದ ಹಾಗೆ.
ಒಂದು ಕಾಗೆ ಬಂದು ಕೂತಿತು.
ಐಸಿನ ಪೆಟ್ಟಿಗೆಯ ಮೇಲಿಂದ ಮುದುಕ ಬಾಬ್ನಿ ಹೇಳಿದ:
"ಮಗಾ, ಇದು ಎಳೆಯುವುದಿಲ್ಲ.
ಬರೀ ಪ್ರದಕ್ಷಿಣೆ ಹಾಕುತ್ತದೆ."

ಯಾರೂ ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.

ಮಡಗಾಂವಿಗೆ ಬಸ್ಸು ಹಿಡಿದೆ.
ನಾಲ್ಕು ದಿನದ ದುಡಿಮೆ ಆ ಗೇಣುದ್ದದ ಟ್ಯಾಪಿಗೆ.
ಬರುವಾಗ ಮಾಜಾಳಿ ಗೇಟಿನಲ್ಲಿ ಅಬಕಾರಿಯವನು
ಬಾಟಲಿ ಇದೆಯೆಂದು ಚೀಲ ಬಿಚ್ಚಿಸಿದ.
"ಏನಿದು?"
"ಎಡಕ್ಕೆ ತಿರುಗುವುದು, ಸಾರ್."
ಬೆಳಕಿಗೆ ಹಿಡಿದು ನೋಡಿ, ಹೋಗು ಅಂದ.

ಈ ಸಲ ಸರಳನ್ನು ನನ್ನ ಕೈಗೇ ಕೊಟ್ಟರು.
ಒಂದೇ ಸುತ್ತಿಗೆ ಎರಡೂ ಬೋಲ್ಟು,
ಮಾತು ಬಿಟ್ಟ ಅಣ್ಣತಮ್ಮಂದಿರು
ಊಟದ ಹೊತ್ತಿಗೆ ಬೇರೆ ಬೇರೆ ಬಾಗಿಲಿಂದ ಬಂದ ಹಾಗೆ
ಒಳಗೆ ಬಂದವು.
ಜೋಲು ಎದ್ದಿತು.
ಹಗ್ಗಕ್ಕೆ ಕಚ್ಚಿಕೊಂಡಿದ್ದ ಮಳೆಹನಿಯೆಲ್ಲ
ಒಮ್ಮೆಗೇ, ಈ ತುದಿಯಿಂದ ಆ ತುದಿವರೆಗೆ,
ಡೆಕ್ಕಿಗೆ ಉದುರಿದವು.

ಪಾನಾದಿಂದ ಬಡಿದೆ. ದನಿ ಸಣ್ಣಗಾಗಿತ್ತು.
ಇನ್ನೊಂದು ಸುತ್ತಿಗೆ ಮೈ ಕೊಟ್ಟಾಗ
ಬಾಬ್ನಿ ಎದ್ದು ಬಂದು ಕಂಬಕ್ಕೆ ಕಿವಿಯಿಟ್ಟ.
"ಅರ್ಧ ಬಿಡು," ಅಂದ,
"ಸಮುದ್ರಕ್ಕೂ ಎಳೆಯಲಿಕ್ಕೆ ಸ್ವಲ್ಪ ಇರಲಿ."

ಬಿಟ್ಟೆ.
ಬಿಚ್ಚಿಕೊಳ್ಳದಂತೆ ಸಣ್ಣ ತಂತಿ ಸುತ್ತಿ, ತುದಿ ಮುರಿದೆ.
ಬೆರಳು ಕೊಯ್ದದ್ದು ಮನೆಗೆ ಹೋಗಿ ಉಪ್ಪು ಮುಟ್ಟಿದಾಗ ಗೊತ್ತಾಯಿತು.

ಬಾಬ್ನಿ ಈಗಿಲ್ಲ. ಆ ಬೋಟೂ ಗುಜರಿಗೆ ಹೋಯಿತು.
ಮೊದಲು ಮಾಡಿದ ಟರ್ನ್‌ಬಕಲ್ ಮಾತ್ರ
ಅಂಗಡಿಯ ಮೊಳೆಗೆ ನೇತಾಡುತ್ತದೆ.
ಮಗಳು ಶಾಲೆ ಬಿಟ್ಟು ಬಂದವಳು
ಕೆಳಗಿನ ಬೋಲ್ಟು ಹಿಡಿದು ಅದನ್ನು ತಿರುಗಿಸುತ್ತಾಳೆ:
ಒಂದು ಸಲ ಮೇಲಕ್ಕೆ ಹತ್ತುತ್ತದೆ,
ಒಂದು ಸಲ ಕೆಳಕ್ಕೆ ಇಳಿಯುತ್ತದೆ,
ಉದ್ದ ಅಷ್ಟೇ.

ಆಗಾಗ ಎಣ್ಣೆ ಬಿಡುತ್ತೇನೆ,
ಕಚ್ಚಿಕೊಳ್ಳಬಾರದಲ್ಲ.