ಏಳನೆಯ ಇಂಚು

ಬಟ್ಟೆ ಹರಿದು, ಕಡ್ಡಿಗಳೆಲ್ಲ ಉದುರಿ,
ಕೊಡೆಯಲ್ಲಿ ಉಳಿದದ್ದು ನಡುವಿನ ಸರಳು, ಬಾಗಿದ ಹಿಡಿ.
ಬಿಸಾಡಲಿಲ್ಲ.
ತುದಿಯನ್ನು ಬಾವಿಕಟ್ಟೆಗೆ ಉಜ್ಜಿ ಚೂಪು ಮಾಡಿ
ಇನ್ನಂಜೆಯ ಈ ಬೈಲಿಗೆ ತಂದಿದ್ದೇನೆ,
ಮಣ್ಣಿಗೆ ಚುಚ್ಚಿ ಕೇಳಲಿಕ್ಕೆ.

ಒತ್ತುತ್ತೇನೆ.
ಒಂದು, ಎರಡು, ಬೆಣ್ಣೆ.
ಐದರವರೆಗೂ ತಕರಾರಿಲ್ಲ.
ಏಳನೆಯ ಇಂಚಿನಲ್ಲಿ
ಅಂಗೈಗೆ ಒಂದು ಉತ್ತರ ಬರುತ್ತದೆ,
ಚಿಲಕ ಹಾಕಿದ ಬಾಗಿಲ ಹಿಂದೆ
ಯಾರೋ ಮಾತಾಡದೆ ನಿಂತ ಹಾಗೆ.

ಆರು ವರ್ಷವಾಯಿತು ಈ ಗದ್ದೆಯನ್ನು ಉಳದೆ.
ಏಣೆಲಿನ ಕೊಯ್ಲು ಮುಗಿದದ್ದೇ
ಕೂಳೆಗಳ ನಡುವೆ ಉದ್ದು ಚೆಲ್ಲಿ
ಬೈಹುಲ್ಲು ಹೊದಿಸಿ ಬರುತ್ತೇನೆ.
ದೇಜಣ್ಣನಿಗೆ ನೋಡಲಿಕ್ಕಾಗುವುದಿಲ್ಲ:
"ಎಂತ ಮಾರಾಯ್ತಿ, ಒಮ್ಮೆ ಟಿಲ್ಲರ್ ಹೊಡೆಸಿದ್ರೆ ಮುಗೀತಲ್ಲ?"
ಮುಗಿಯುತ್ತದೆ. ಅದೇ ಭಯ.
ಎರೆಹುಳ ಆರು ವರ್ಷ ಕೊರೆದ ಓಣಿಗಳು
ಅರ್ಧ ದಿನದಲ್ಲಿ ಮುಗಿಯುತ್ತವೆ.

ಎಲ್ಲವೂ ಯಂತ್ರದ ತಪ್ಪಲ್ಲ.
ಈ ತಳ ಹಳೆಯದು.
ನೀರು ನಿಲ್ಲಬೇಕೆಂದು ಕೆಸರು ಕಲಸಿ ಕಲಸಿ
ಕೋಣಗಳ ಗೊರಸಿನಿಂದ,
ನೇಜಿ ನೆಟ್ಟ ಹೆಂಗಸರ ಹಿಮ್ಮಡಿಯಿಂದ
ನಾವೇ ಬಡಿದು ಹಾಸಿದ್ದು.
ಭತ್ತಕ್ಕೆ ಅದು ಮನೆಯ ನೆಲ.
ಉದ್ದಿಗೆ ಅದೇ ಗೋಡೆ.
ಒಂದು ಗಿಡ ಕಿತ್ತು ನೋಡಿದ್ದೆ:
ತಾಯಿಬೇರು ನೇರ ಇಳಿದು ಇಳಿದು
ಅಲ್ಲಿ ಮೊಣಕೈಯಂತೆ ಮಡಚಿಕೊಂಡು
ಅಡ್ಡಕ್ಕೆ ಹೊರಟಿತ್ತು,
ತಾಲೂಕು ಕಚೇರಿಯಲ್ಲಿ "ನಾಳೆ ಬನ್ನಿ" ಅನ್ನಿಸಿಕೊಂಡವರ ಹಾಗೆ.

ಆದರೆ ಹೋದ ಅಕ್ಟೋಬರಿನದು ನನ್ನದೇ ತಪ್ಪು.
ಸಂಜೆಯ ಮಳೆ ಆಗಷ್ಟೇ ನಿಂತಿತ್ತು.
ಕಟಾವಿನ ಯಂತ್ರ ತಂದ ಆತ್ತೂರಿನ ಸೆಂಗೋಡನ್
ಗಡಿಯಾರ ನೋಡುತ್ತಿದ್ದ. ಪೈರು ಮಲಗಿತ್ತು.
ಹೆದರಿದೆ. "ಇಳಿಸು" ಎಂದೆ.
ಏಳು ಟನ್.
ಗದ್ದೆ ಕಿರುಚಲಿಲ್ಲ. ಒದ್ದೆ ಮಣ್ಣು ಹಾಗೆಯೇ,
ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತದೆ,
ಒಣಗಿದ ಮೇಲೆ ಲೆಕ್ಕ ಕೇಳುತ್ತದೆ.
ಜನವರಿಯಲ್ಲಿ ಹಳದಿ ಎಲೆಗಳು ಎರಡೆರಡು ಸಾಲಾಗಿ ನಿಂತವು,
ಅವನು ಹೋದ ದಾರಿಯನ್ನು ತೋರಿಸುತ್ತ.

ಈ ಸಲ ಅವನನ್ನು ಮೂರು ದಿನ ಕಾಯಿಸಿದೆ.
ಬೆಳಗಾದರೆ ಒಂದು ಮುಷ್ಟಿ ಮಣ್ಣು ತೆಗೆದು ಉಂಡೆ ಕಟ್ಟುವುದು,
ಎದೆಯೆತ್ತರದಿಂದ ಬಿಡುವುದು.
ಮೊದಲ ದಿನ ಚಪ್ಪಟೆಯಾಗಿ ಕೂತಿತು.
ಎರಡನೆಯ ದಿನ ಬಿರುಕು ಬಿಟ್ಟಿತು, ಒಡೆಯಲಿಲ್ಲ.
ಅವನು ಅಷ್ಟರಲ್ಲಿ ನಮ್ಮ ಗಂಜಿಗೆ ಒಗ್ಗಿದ್ದ,
ಬಾಡಿಗೆಯ ಕೂಗಾಟ ನಿಲ್ಲಿಸಿದ್ದ.
ಮೂರನೆಯ ದಿನ ಉಂಡೆ ಪುಡಿಪುಡಿ.
ಬಿದಿರ ಗೂಟಗಳಿಗೆ ಹಳೆ ಸೀರೆಯ ಚೂರು ಕಟ್ಟಿದ್ದೆ:
ಇಲ್ಲಿಂದಲೇ ಬರಬೇಕು, ಇಲ್ಲಿಂದಲೇ ಹೋಗಬೇಕು,
ತಿರುಗಲಿಕ್ಕೆ ಈ ಮೂಲೆ ಮಾತ್ರ,
ಚೀಲದ ಗಾಡಿ ಹುಣಿಯ ಆಚೆಗೇ.
"ಅಕ್ಕಾ, ನೆಲಕ್ಕೆ ಇಷ್ಟು ಉಪಚಾರವಾ" ಎಂದು ನಕ್ಕ.
ಗೂಟ ಮಾತ್ರ ಒಂದೂ ಮುರಿಯಲಿಲ್ಲ.

ಆ ಮೂಲೆಯನ್ನು ಬಿಟ್ಟುಕೊಟ್ಟಿದ್ದೇನೆ.
ಭಾರಕ್ಕೂ ಒಂದು ದಾರಿ ಬೇಕಲ್ಲ.
ಎಲ್ಲ ಕಡೆ ಸ್ವಲ್ಪ ಸ್ವಲ್ಪ ತುಳಿಸಿಕೊಳ್ಳುವುದೇ ನ್ಯಾಯ
ಎಂದುಕೊಂಡು ಬಹಳ ವರ್ಷ ಕಳೆದೆ,
ಗದ್ದೆಯಲ್ಲಿ. ಮನೆಯಲ್ಲಿಯೂ.

ಹಳೆಯ ಜಾಡುಗಳಿಗೆ ಮೇ ತಿಂಗಳ ಮೊದಲ ಮಳೆಗೆ
ಸೆಣಬು ಚೆಲ್ಲಿದ್ದೆ. ಕೊಯ್ದದ್ದು ಮೇಲಿನದನ್ನು ಮಾತ್ರ,
ಬೇರುಗಳು ಇದ್ದಲ್ಲೇ ಸತ್ತಿವೆ.
ಇವತ್ತು ಸರಳು ಒತ್ತುತ್ತ ಬಂದೆ.
ಹೆಚ್ಚಿನ ಕಡೆ ಅದೇ ಏಳು, ಹೆಚ್ಚೆಂದರೆ ಎಂಟು.
ಇಲ್ಲಿ ಒಂದು ಕಡೆ, ಯಾವುದೋ ಸತ್ತ ಬೇರಿನ ಓಣಿ ಸಿಕ್ಕಿ,
ಕೈ ಜಾರಿದ ಹಾಗೆ
ಸರಕ್ಕನೆ ಅರ್ಧ ಸರಳು ಒಳಗೆ ಹೋಯಿತು.
ಹೆದರಿಕೆಯೇ ಆಯಿತು ನನಗೆ.

ಮಂಗಳೂರಿನ ಕಡೆಗೆ ರೈಲು ಹೋಗುತ್ತಿದೆ.
ಹುಣಿ ಸಣ್ಣಗೆ ನಡುಗಿ ಸುಮ್ಮನಾಗುತ್ತದೆ.
ಆಚೆ ಗದ್ದೆಯಿಂದ ದೇಜಣ್ಣ ಕೂಗುತ್ತಾರೆ,
"ಎಷ್ಟು ಹೋಯ್ತು?"
ಸರಳನ್ನು ಮೆಲ್ಲಗೆ ಎಳೆದು
ಮಣ್ಣು ಹತ್ತಿದ ಕೊನೆಗೆ ಹೆಬ್ಬೆರಳು ಒತ್ತಿ ಹಿಡಿದು
ಹುಣಿ ಹತ್ತುತ್ತೇನೆ,
ಬೆರಳು ಸರಿಯದ ಹಾಗೆ.